ಮೊದಲು ಚಿಟಿಕೆ

ನಾನು ಅಳಿಯನಾಗಿ ಬಂದು ಸೇರಿಕೊಂಡ ಊರಿನಲ್ಲಿ ಮೂರನೆಯ ದಿನವೇ ನನ್ನ ಕೈಗಡಿಯಾರ ಹೋಯಿತು. ಕಳುವಾಗಲಿಲ್ಲ, ಕಳೆದೂ ಹೋಗಲಿಲ್ಲ. ಹೊಳೆಗೆ ಇಳಿಯುವ ಮೊದಲು, ಒದ್ದೆಯಾಗದಿರಲಿ ಎಂದು, ದಡದಲ್ಲಿ ಪಂಚೆ ಹಿಂಡುತ್ತಿದ್ದ ಬೋಳಯ್ಯ ಎಂಬವನ ಕೈಗೆ ಕೊಟ್ಟೆ. ಅವನು ಹೌಹಾರಿ ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಗಡಿಯಾರ ಅವನ ಅಂಗೈಯಲ್ಲಿತ್ತು. ಮಿಂದು ಬಂದು ಕೇಳಿದೆ. ಪಾಪ, ಅವನೂ ಕೊಡಲು ನೋಡಿದ. ಅದು ಅವನ ಕೈ ಬಿಟ್ಟು ನನ್ನ ಕೈಗೆ ಬರಲೇ ಇಲ್ಲ. ಕಲ್ಲಿನ ಮೇಲೆ ಇಟ್ಟು ದೂರ ಸರಿದು ನಿಂತ. ನಾನು ಎತ್ತಲು ಹೋದರೆ ಕಲ್ಲಿಗೆ ಬೆಸುಗೆ ಹಾಕಿದ ಹಾಗೆ ಕೂತಿತ್ತು. ಅವನು ಎತ್ತಿದರೆ ಸಲೀಸಾಗಿ ಎದ್ದು ಬಂತು. ಮದುವೆಯಲ್ಲಿ ನನ್ನಪ್ಪ ಕಟ್ಟಿದ ಗಡಿಯಾರ ಅದು, ಬಿಳಿ ಮುಖ, ರೋಮನ್ ಅಂಕಿ. ಸುಳ್ಳೇಕೆ ಹೇಳಲಿ, ನನಗೆ ಅಳುವೇ ಬಂದಿತ್ತು. ಬೋಳಯ್ಯ ನನಗಿಂತ ಹೆಚ್ಚು ನೊಂದುಕೊಂಡ. "ಕೊಟ್ಬಿಟ್ರಲ್ಲ ಅಳಿಯಂದ್ರೇ, ಇಟ್ಟಿದ್ರೆ ಆಗ್ತಿತ್ತು" ಎಂದ. ಅಂದಿನಿಂದ ನಾನು ಎಲ್ಲೇ ಎದುರಾಗಲಿ, ಅವನು ತಪ್ಪದೆ ಮಣಿಕಟ್ಟು ಎತ್ತಿ ನನಗೆ ಗಂಟೆ ಎಷ್ಟಾಯಿತೆಂದು ಹೇಳುತ್ತಿದ್ದ. ಕೆಲವು ಸಲ ಬರೀ ಅದಕ್ಕಾಗಿಯೇ ಮನೆಗೂ ಬರುತ್ತಿದ್ದ.

ಆ ಊರು ಇರುವುದೇ ಹಾಗೆ. ಕೊಟ್ಟದ್ದು ಕೊಟ್ಟವರ ಕೈಗೆ ಮರಳುವುದಿಲ್ಲ. ಏಕೆ ಎಂದು ಯಾರೂ ಕೇಳುವುದಿಲ್ಲ. ಹೊಳೆ ಯಾಕೆ ಇಳಿಜಾರಿಗೆ ಹರಿಯುತ್ತದೆ ಎಂದು ನಾವು ಕೇಳುತ್ತೇವೆಯೇ? ಊರಿನ ಜನ ಅದಕ್ಕೆ ತಕ್ಕ ಹಾಗೆ ಬದುಕು ಹೊಂದಿಸಿಕೊಂಡಿದ್ದಾರೆ. ಅಲ್ಲಿ ಪ್ರತಿ ಮನೆಗೂ ಒಂದು ಸ್ವಂತ ಏಣಿ ಉಂಟು. ರವಿಕೆ ಬಟ್ಟೆಯನ್ನು ದರ್ಜಿಗೆ ಯಾರೂ ಕೊಡುವುದಿಲ್ಲ. ಅವನ ಅಂಗಡಿ ಮುಂದಿನ ಬೆಂಚಿನ ಮೇಲೆ ಇಟ್ಟು ಬರುತ್ತಾರೆ, ಅವನು ಎತ್ತಿಕೊಳ್ಳುತ್ತಾನೆ. ಇಟ್ಟದ್ದಕ್ಕೆ ದೋಷವಿಲ್ಲ. ಕೊಡಲೇಬೇಕಾದಾಗ ಮಾತ್ರ ಒಂದು ಪದ್ಧತಿ: ಮೊದಲು ಚಿಟಿಕೆ. ಒಂದು ಪಡಿ ಅಕ್ಕಿ ಕೊಡುವ ಮೊದಲು ಏಳೋ ಒಂಬತ್ತೋ ಕಾಳು ಎಣಿಸಿ ಕೊಡುತ್ತಾರೆ. ತೆಗೆದುಕೊಂಡವರು ಏನು ಬಂತು, ಎಷ್ಟು ಬಂತು ಎಂದು ಬಾಯಿಬಿಟ್ಟು ಹೇಳಬೇಕು. ಆಮೇಲೆ ಮಿಕ್ಕಿದ್ದು.

ಹೆಣ್ಣುಮಕ್ಕಳನ್ನು ಆ ಊರಿನವರು ಹೊರಗೆ ಕೊಡುವುದಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕೊಟ್ಟರೆ ಮಗಳು ಹಬ್ಬಕ್ಕೂ ತವರಿಗೆ ಬರುವ ಹಾಗಿಲ್ಲವಲ್ಲ! ಅದಕ್ಕೇ ಅಳಿಯಂದಿರನ್ನು ಒಳಕ್ಕೆ ತಂದುಕೊಳ್ಳುತ್ತಾರೆ. ನನ್ನ ಮದುವೆಯಲ್ಲಿ, ಇದೊಂದೂ ತಿಳಿಯದ ನನ್ನ ಅವ್ವ ಕಣ್ಣೊರೆಸಿಕೊಳ್ಳುತ್ತಾ "ನಮ್ಮ ಗುರುಮಲ್ಲನ್ನ ನಿಮ್ಗೆ ಕೊಟ್..." ಎನ್ನುವಷ್ಟರಲ್ಲಿ ಇಡೀ ಚಪ್ಪರ ಉಸಿರು ಬಿಗಿಹಿಡಿಯಿತು. ನನ್ನ ಅತ್ತೆ ದೇವೀರಮ್ಮ ಓಡಿ ಬಂದು ಅವ್ವನ ಬಾಯಿಗೆ ಕೈ ಅಡ್ಡ ಹಿಡಿದು, "ಇಟ್ಟಿದೀವಿ ಅನ್ನಿ ತಾಯಿ, ಇಟ್ಟಿದೀವಿ ಅನ್ನಿ" ಎಂದರು. ಅವರ ಆ ಒಂದು ಮಾತಿನಿಂದ ನಾನು ಈಗಲೂ ವರ್ಷಕ್ಕೆರಡು ಸಲ ಊರಿಗೆ ಹೋಗಿ ಅವ್ವನನ್ನು ನೋಡಿ ಬರುತ್ತೇನೆ.

ಅತ್ತೆ ಒಳ್ಳೆಯವರು, ಆದರೆ ಹುಷಾರು ಎಂದರೆ ಹುಷಾರು. ಅವರ ಮನೆಯಲ್ಲಿ ಐದು ವರ್ಷ ಉಂಡೆ. ಒಂದು ದಿನವೂ ಅವರು ಏನನ್ನೂ ನನ್ನ ಕೈಗೆ ಕೊಡಲಿಲ್ಲ. ಕಾಫಿ ಲೋಟ ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದರು, ತಟ್ಟೆ ಮಣೆಯ ಮುಂದೆ ಇಡುತ್ತಿದ್ದರು, ಬಾಗಿಲ ಬೀಗದ ಕೈ ಗೂಡಿನಲ್ಲಿ ಇಡುತ್ತಿದ್ದರು. ಗಡಿಯಾರದ ಕಥೆ ಕೇಳಿದ ಮೇಲೆ ನನ್ನ ಕೈಯ ಮೇಲೆ ಅವರಿಗೆ ನಂಬಿಕೆ ಹುಟ್ಟಲಿಲ್ಲ ಎಂದು ನಾನು ಒಳಗೊಳಗೇ ಕೊರಗುತ್ತಿದ್ದೆ. ನನ್ನ ಹೆಂಡತಿ ಚೆನ್ನಾಜಿ ಮಾತ್ರ, ಅವ್ವ ನನಗೂ ಹಾಗೇ ಮಾಡುತ್ತಾಳೆ, ನೀವು ಸುಮ್ಮನೆ ಮುಖ ಊದಿಸಿಕೊಳ್ಳಬೇಡಿ ಎನ್ನುತ್ತಿದ್ದಳು.

ಆ ಊರಿಗೆ ಒಂದು ಕಾಲಕ್ಕೆ ಬ್ಯಾಂಕೂ ಬಂದಿತ್ತಂತೆ. ಹಣ ಕಟ್ಟಿದವರಿಗೇ ಅವರು ಕಟ್ಟಿದ ನೋಟು ಹೋಗದ ಹಾಗೆ ಕ್ಯಾಷಿಯರು ನೋಡಿಕೊಳ್ಳಬೇಕಾಗಿ ಬಂದು, ಮೂರೇ ತಿಂಗಳಲ್ಲಿ ಅವನಿಗೆ ತಲೆ ಕೆಟ್ಟು ವರ್ಗ ಮಾಡಿಸಿಕೊಂಡ, ಬ್ಯಾಂಕೂ ಮುಚ್ಚಿತು. ಬಸ್ಸೂ ಬರುತ್ತಿತ್ತು. ಚಿಲ್ಲರೆ ವಿಷಯದಲ್ಲಿ ಕಂಡಕ್ಟರುಗಳು ರೋಸಿಹೋಗಿ, ನಾಲ್ಕು ಮೈಲಿ ಆಚೆ ಸೇತುವೆಯ ಹತ್ತಿರವೇ ತಿರುಗಿಸಿಕೊಂಡು ಹೋಗತೊಡಗಿದರು. ಅತ್ತೆ ಮತ್ತು ಹನ್ನೊಂದು ಮಂದಿ ಹೆಂಗಸರು ಸೇರಿ ಕೋಡುಬಳೆ ಸಂಘ ನಡೆಸುತ್ತಿದ್ದರು. ವಾರಕ್ಕೆ ಎರಡು ಸಲ ಕೋಡುಬಳೆ ಟಿನ್ನುಗಳನ್ನು ತಲೆಯ ಮೇಲೆ ಹೊತ್ತು ಆ ಸೇತುವೆಯವರೆಗೆ ನಡೆಯಬೇಕು. ಅತ್ತೆಗೆ ಅರವತ್ತೆರಡಾಗಿತ್ತು, ಮಂಡಿ ಮೆಟ್ಟಿಲು ಇಳಿಯುವಾಗ ಕಟಕಟ ಎನ್ನುತ್ತಿತ್ತು. ನಮ್ಮದೇ ಒಂದು ಬಸ್ಸು ಬೇಕು ಎಂಬುದು ಆ ಹನ್ನೆರಡು ಮಂದಿಯ ಆಸೆ. ನನ್ನ ಆಸೆ ಅದಕ್ಕಿಂತ ದೊಡ್ಡದು: ನಾನು ಕಸುಬಿನಲ್ಲಿ ಡ್ರೈವರು. ಮದುವೆಗೆ ಮುಂಚೆ ಒಂಬತ್ತು ವರ್ಷ ಟೆಂಪೊ ಓಡಿಸಿದವನು ಈ ಊರಿಗೆ ಬಂದು ಹಿಟ್ಟು ಜರಡಿ ಹಿಡಿಯುತ್ತಾ ಕೂತಿದ್ದೆ. ಬಸ್ಸು ಬಂದರೆ ಯಾರು ಓಡಿಸುವುದು ಎಂದು ಅತ್ತೆ ಒಂದು ದಿನವೂ ಬಾಯಿಬಿಡಲಿಲ್ಲ, ನಾನೂ ಕೇಳಲಿಲ್ಲ.

ಬ್ಯಾಂಕು ಇಲ್ಲದ ಊರಿಗೆ ಕ್ರಿಪ್ಟೊ ಬಂದದ್ದು ಹೀಗೆ. ಹೊರಗಿನ ಗಿರಾಕಿಗಳು ಕೋಡುಬಳೆಗೆ ಫೋನಿನ ನಾಣ್ಯದಲ್ಲಿ ಹಣ ಕಳಿಸುತ್ತೇವೆ ಎಂದರು. ಅದನ್ನು ವಿವರಿಸಲು ಬಂದಿದ್ದ ಮನುಷ್ಯ ಭಯಂಕರ ಮುಖ ಮಾಡಿಕೊಂಡು ಎಚ್ಚರಿಸಿದನಂತೆ: ಅಮ್ಮಾ, ಇದರಲ್ಲಿ ಒಂದು ಸಲ ಕಳಿಸಿದರೆ ಮುಗಿಯಿತು, ತಪ್ಪು ವಿಳಾಸಕ್ಕೆ ಹೋದರೂ ವಾಪಸು ಬರುವುದಿಲ್ಲ, ದೂರು ಕೊಡಲು ಆಫೀಸೂ ಇಲ್ಲ. ಹನ್ನೆರಡು ಮಂದಿಯೂ ಮುಖ ಮುಖ ನೋಡಿಕೊಂಡರು. ಇದರಲ್ಲಿ ಹೊಸದೇನು ಎಂದು ಅವರಿಗೆ ತಿಳಿಯಲೇ ಇಲ್ಲ.

ಸಂಘಕ್ಕೆಂದೇ ಒಂದು ಫೋನು ತೆಗೆದುಕೊಂಡರು. ಅದರಲ್ಲಿ ಹಾಡಿಲ್ಲ, ಪಟವಿಲ್ಲ, ಆಟವಿಲ್ಲ, ನಾಣ್ಯದ ಚೀಲವೊಂದೇ. ರಾಗಿ ಡಬ್ಬದ ಒಳಗೆ ಅದರ ವಾಸ. ಫೋನು ಹಾಳಾದರೆ ನಾಣ್ಯವನ್ನು ಬೇರೆ ಫೋನಿಗೆ ಬರಮಾಡಿಕೊಳ್ಳಲು ಹನ್ನೆರಡು ಗುಟ್ಟಿನ ಪದ ಇರುತ್ತವೆ, ಅವು ಯಾರ ಕೈಗೆ ಸಿಕ್ಕರೂ ನಾಣ್ಯ ಅವರದೇ. ಆ ಪದಗಳನ್ನು ಅತ್ತೆ ಎಲ್ಲಿ ಇಟ್ಟಿದ್ದಾರೆಂದು ಚೆನ್ನಾಜಿಗೂ ಗೊತ್ತಿರಲಿಲ್ಲ. ಒಮ್ಮೆ ಯಾರೋ ಫೋನು ಮಾಡಿ, ನಾವು ಸಹಾಯ ಕೇಂದ್ರದವರು, ಪರಿಶೀಲನೆಗೆ ಹನ್ನೆರಡು ಪದ ಹೇಳಿ ಎಂದು ಇಂಗ್ಲಿಷು ಬೆರೆಸಿ ಗದರಿಸಿದ. ಅತ್ತೆ ಸಾವಧಾನವಾಗಿ ಅಕ್ಕಿಹಿಟ್ಟಿನಿಂದ ಇಂಗಿನವರೆಗೆ ಕೋಡುಬಳೆಯ ಸಾಮಾನು ಹೇಳಿದರು. ಅವನು ಬರೆದುಕೊಂಡು ಥ್ಯಾಂಕ್ಸ್ ಹೇಳಿದ.

ಫೋನಿಗೆ ಚಾರ್ಜು ಹಾಕುವ ಕೆಲಸ ಮಾತ್ರ ನನ್ನದು. ಪ್ರತಿ ಭಾನುವಾರ ಅತ್ತೆ ಅದನ್ನು ಉಯ್ಯಾಲೆ ಮಣೆಯ ಮೇಲೆ ಇಡುತ್ತಿದ್ದರು, ನಾನು ಎತ್ತಿಕೊಳ್ಳುತ್ತಿದ್ದೆ. ಹಾಗೊಂದು ಭಾನುವಾರ ಅದಕ್ಕೆ ಒಂದು ಮೆಸೇಜು ಬಂತು. ಒತ್ತಿದರೆ ಗಡಿಯಾರದ ಚಿತ್ರ. ಬಿಳಿ ಮುಖ, ರೋಮನ್ ಅಂಕಿ, ಸೆಕೆಂಡಿನ ಮುಳ್ಳು ಕೂಡ ನನ್ನಪ್ಪ ಕಟ್ಟಿದ ಗಡಿಯಾರದ್ದೇ. ಉಚಿತ, ಹಾಕಿಕೊಳ್ಳಿ ಎಂದಿತ್ತು. ಐದು ವರ್ಷದಿಂದ ಬೋಳಯ್ಯನ ಮಣಿಕಟ್ಟು ನೋಡಿ ಟೈಮು ತಿಳಿದುಕೊಳ್ಳುತ್ತಿದ್ದವನು ನಾನು. ವಾರಕ್ಕೊಂದು ಸಲ ನೋಡಿಕೊಂಡರೆ ಯಾರಿಗೇನು ನಷ್ಟ ಎಂದು ಹಾಕಿಕೊಂಡೆ. ಅತ್ತೆಗೆ ಹೇಳಲಿಲ್ಲ.

ಎರಡು ತಿಂಗಳ ಮೇಲೆ ಬಸ್ಸಿಗೆ ಸಾಕಾಗುವಷ್ಟು ನಾಣ್ಯ ಸೇರಿತು. ದೂರದ ನಗರದಲ್ಲಿ ಹಳೆಯ ಬಸ್ಸುಗಳ ವ್ಯಾಪಾರಿ ಜಯಶೀಲ ಎಂಬವನು ಒಪ್ಪಿಕೊಂಡು, ನಾಣ್ಯ ಕಳಿಸಬೇಕಾದ ವಿಳಾಸವನ್ನು ಸಂಘದ ಫೋನಿಗೆ ಮೆಸೇಜು ಮಾಡಿದ. ವಿಳಾಸವೆಂದರೆ ಊರು ಕೇರಿ ಅಲ್ಲ. ಅಕ್ಷರ ಅಂಕಿ ಕಲೆಸಿದ ನಲವತ್ತೆರಡರ ಸಾಲು, ಬೆಕ್ಕು ಟೈಪ್‌ರೈಟರಿನ ಮೇಲೆ ನಡೆದುಹೋದ ಹಾಗೆ. ಒಂದು ಮಂಗಳವಾರ ಬೆಳಗ್ಗೆ ಹನ್ನೆರಡು ಮಂದಿಯೂ ಹಿಟ್ಟಿನ ಕೈ ತೊಳೆದುಕೊಂಡು ಸಂಘದ ಅಂಗಳದಲ್ಲಿ ಕೂತರು. ಬೋಳಯ್ಯನೂ ಬಂದಿದ್ದ, ಹತ್ತೂ ಕಾಲು ಎಂದು ನನಗೆ ತಿಳಿಸಿದ.

ಸಂಘದ ಕ್ರಮ ಹೀಗಿತ್ತು: ಒಬ್ಬರು ಮೆಸೇಜು ನೋಡಿ ಒಂದೊಂದೇ ಅಕ್ಷರ ಓದಬೇಕು, ಹನ್ನೆರಡು ಮಂದಿಯಲ್ಲಿ ಒಬ್ಬರಾದ ಕೆಂಪಾಜಮ್ಮ ಸ್ಲೇಟಿನ ಮೇಲೆ ಬರೆಯಬೇಕು, ಆಮೇಲೆ ಕಳಿಸುವ ಜಾಗದಲ್ಲಿ ಕೂತ ವಿಳಾಸವನ್ನು ಸ್ಲೇಟಿನ ಜೊತೆ ತಾಳೆ ನೋಡಬೇಕು. ಕೆಂಪಾಜಮ್ಮನ ಕನ್ನಡಕ ಅಂದು ಮನೆಯಲ್ಲೇ ಉಳಿದಿತ್ತು. ನಾನು ಬರೆಯುತ್ತೇನೆ ಬಿಡಿ ಎಂದು ಸ್ಲೇಟು ಎತ್ತಿಕೊಂಡೆ. ಮೆಸೇಜಿನಲ್ಲಿ ಅಕ್ಷರ ಸಣ್ಣದು; ಆದ್ದರಿಂದ ವಿಳಾಸವನ್ನು ಅಲ್ಲಿಂದ ಕಾಪಿ ಮಾಡಿ ಕಳಿಸುವ ಜಾಗದಲ್ಲಿ ಅಂಟಿಸಿ, ಅಲ್ಲಿ ದಪ್ಪಗೆ ಕಾಣುತ್ತಿದ್ದದ್ದನ್ನು ನೋಡಿಕೊಂಡು ಸ್ಲೇಟಿನ ಮೇಲೆ ಬರೆದೆ. ಮೊದಲ ಮೂರು, ಕೊನೆಯ ಮೂರು ಮೆಸೇಜಿನ ಜೊತೆ ನೋಡಿದೆ, ಸರಿಯಾಗಿತ್ತು. ಹೆಂಗಸರು ಸ್ಲೇಟನ್ನೂ ಫೋನನ್ನೂ ತಾಳೆ ಮಾಡಿದರು. ನಲವತ್ತೆರಡಕ್ಕೆ ನಲವತ್ತೆರಡೂ ಹೊಂದಿತು. ಹೊಂದದೆ ಏನು, ಇದನ್ನು ನೋಡಿಯೇ ಅದನ್ನು ಬರೆದದ್ದು! ಆದರೆ ಆ ಹೊತ್ತಿಗೆ ನನಗೆ ಅದು ಹೊಳೆಯಲಿಲ್ಲ.

ಚಿಟಿಕೆ ಹೋಯಿತು. ನಾಣ್ಯದ ಅತಿ ಸಣ್ಣ ಪಾಲಿಗೆ ನಮ್ಮವರು ಚೂರು ಎನ್ನುತ್ತಾರೆ, ಹದಿನೇಳು ಚೂರು. ಜಯಶೀಲನಿಗೆ ಫೋನು ಮಾಡಿ ಬಂತಾ ಎಂದು ಕೇಳಿದೆ. ಹಿಂದೆ ಯಾವುದೋ ಇಂಜಿನ್ನು ಗುಡುಗುತ್ತಿತ್ತು. ಬಂತು ಬಂತು, ಮಿಕ್ಕಿದ್ದು ಹಾಕಿ ಸಾರ್, ಬಸ್ಸು ತೊಳೆಸಿ ನಿಲ್ಲಿಸಿದ್ದೇನೆ ಎಂದ. ಬಂತಂತೆ ಎಂದು ನಾನು ಜೋರಾಗಿ ಸಾರಿದೆ. ಅಂಗಳದಲ್ಲಿ ನಗು ಎದ್ದಿತು. ಮಿಕ್ಕಿದ್ದೆಲ್ಲವನ್ನೂ ಕಳಿಸುವ ಗುಂಡಿಯ ಮೇಲೆ ನನ್ನ ಹೆಬ್ಬೆರಳು ಇನ್ನೇನು ಇಳಿಯಬೇಕು.

"ಎಷ್ಟು ಬಂತಂತೆ?" ಎಂದರು ಅತ್ತೆ.

ಅವರು ಕೂತಲ್ಲಿಂದ ಏಳಲಿಲ್ಲ, ದನಿಯನ್ನೂ ಏರಿಸಲಿಲ್ಲ. ನನಗೆ ಮುಜುಗರವಾಯಿತು. ದೊಡ್ಡ ವ್ಯಾಪಾರಿ, ಬಂತು ಎಂದ ಮೇಲೆ ಎಷ್ಟು ಎಂದು ಕೇಳುವುದು ಹೇಗೆ? ಆದರೂ ಅತ್ತೆಯ ಕಣ್ಣು ನೋಡಿ ಕೇಳಿದೆ. ಜಯಶೀಲ ನಕ್ಕ. ನೋಡಿಲ್ಲ ಸಾರ್, ನೀವು ಕಳಿಸಿದ ಮೇಲೆ ಬರದೆ ಎಲ್ಲಿಗೆ ಹೋಗುತ್ತದೆ ಎಂದ. ಒಂದು ಸಲ ನೋಡಿ ಹೇಳಿ ಎಂದೆ. ಇಂಜಿನ್ನು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಅವನ ದನಿ ಬೇರೆಯಾಗಿತ್ತು: "ಇಲ್ಲಿ ಏನೂ ಬಂದಿಲ್ವಲ್ಲ ಸಾರ್."

ನನ್ನ ಹೆಬ್ಬೆರಳು ಗಾಳಿಯಲ್ಲೇ ನಿಂತಿತ್ತು. ಚೆನ್ನಾಜಿ ಬಂದು ಅದನ್ನು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಆಮೇಲೆ ಅವಳೇ ಮೆಸೇಜು ತೆರೆದು ಒಂದೊಂದೇ ಅಕ್ಷರ ಓದಿದಳು. ಹೆಂಗಸರು ಸ್ಲೇಟು ನೋಡುತ್ತಿದ್ದರು. ಮೂರು ಅಕ್ಷರ ಸರಿಯಾಗಿತ್ತು. ನಾಲ್ಕನೆಯದು ಬೇರೆ, ಐದನೆಯದು ಬೇರೆ, ಅಲ್ಲಿಂದ ಮುಂದೆ ಎಲ್ಲಾ ಬೇರೆ. ಕೊನೆಯ ಮೂರಕ್ಕೆ ಮತ್ತೆ ಕೂಡಿಕೊಂಡಿತು. ಅವಳು ಮತ್ತೆ ಕಾಪಿ ಮಾಡಿ ಅಂಟಿಸಿ ನೋಡಿದಳು. ಕಾಪಿ ಮಾಡಿದ್ದು ಒಂದು, ಅಂಟಿದ್ದು ಇನ್ನೊಂದು. ನಡುವೆ ಯಾರೋ ಕೂತು ಬದಲಾಯಿಸುತ್ತಿದ್ದರು. "ಈ ಫೋನೊಳಗೆ ಏನೋ ಸೇರ್ಕೊಂಡಿದೆ" ಎಂದಳು. ಅಷ್ಟರಲ್ಲಿ ಪರದೆ ಮಂಕಾಗಿ, ಅದರ ಮೇಲೆ ಬಿಳಿ ಮುಖದ ಗಡಿಯಾರ ಮೂಡಿತು.

ಬೋಳಯ್ಯ ಬಗ್ಗಿ ಫೋನು ನೋಡಿದ, ತನ್ನ ಮಣಿಕಟ್ಟು ನೋಡಿಕೊಂಡ, ನನ್ನ ಮುಖ ನೋಡಿದ. ಇನ್ನು ಮುಚ್ಚಿಡಲು ಏನಿತ್ತು? ಎಲ್ಲವನ್ನೂ ಹೇಳಿದೆ. ನಾಚಿಕೆಯಿಂದ ನನ್ನ ಕಿವಿ ಸುಡುತ್ತಿತ್ತು. ಐದು ವರ್ಷ ಹನ್ನೆರಡು ಮಂದಿ ಎಣ್ಣೆ ಬಾಣಲೆಯ ಮುಂದೆ ಬೆಂದು ಕೂಡಿಸಿದ್ದನ್ನು ನಾನು ಒಂದು ಗಡಿಯಾರದ ಚಿತ್ರದ ಆಸೆಗೆ ಒಂದು ಬೆರಳಿನಲ್ಲಿ ತೊಳೆದುಬಿಡುತ್ತಿದ್ದೆ. ಆ ಡ್ರೈವರ್ ಸೀಟಿನ ಮೇಲಿನ ಆಸೆಯನ್ನು ನಾನು ಅಲ್ಲೇ, ಆ ಅಂಗಳದಲ್ಲೇ ಬಿಟ್ಟೆ. ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ. ಅತ್ತೆ ಫೋನನ್ನು ಆಫ್ ಮಾಡಿ ಬೆಂಚಿನ ಮೇಲೆ ಇಟ್ಟರು.

"ಕದ್ದಿದ್ರೆ ಹೋಗಿ ಕಿತ್ಕೊಂಡು ಬರಬಹುದಿತ್ತು ಅಳಿಯಂದ್ರೇ. ಇದು ಕದಿಯಲ್ಲ. ನಮ್ ಕೈಯಿಂದ್ಲೇ ಕೊಡಿಸ್ಕೊಳ್ಳತ್ತೆ" ಎಂದರು. ಆಮೇಲೆ, "ಅಲ್ಲ, ಆ ಫೋನಲ್ಲಿ ಮೊದ್ಲೇ ಒಂದು ಗಡಿಯಾರ ಇರ್ಲಿಲ್ವಾ?" ಎಂದು ಕೇಳಿದರು. ಇತ್ತು. ಮೇಲ್ಗಡೆ ಮೂಲೆಯಲ್ಲಿ, ಸಣ್ಣದಾಗಿ ಇತ್ತು. ಕೆಂಪಾಜಮ್ಮ ಬಾಯಿಗೆ ಸೆರಗು ಹಿಡಿದು ನಗಲು ಶುರು ಮಾಡಿದರು. ಅಲ್ಲಿಂದ ನಗು ಹನ್ನೆರಡು ಮಂದಿಗೂ ಹಬ್ಬಿತು. ಹೋದದ್ದು ಹದಿನೇಳು ಚೂರು, ಒಂದು ಕೋಡುಬಳೆಯ ಬೆಲೆಯೂ ಅಲ್ಲ. ನನಗೆ ಮಾತ್ರ ನಗು ಬರಲಿಲ್ಲ.

ಆದರೆ ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಾಗಿತ್ತು. ಹಾವು ಹೊಕ್ಕ ಕೋಣೆಯಲ್ಲಿ ಮತ್ತೆ ಹಾಸಿಗೆ ಹಾಸುವುದುಂಟೇ, ಆ ಫೋನು ನೋಡಿದ ಗುಟ್ಟೆಲ್ಲ ಇನ್ನು ಗುಟ್ಟಲ್ಲ, ಈಗಿಂದೀಗಲೇ ನಾಣ್ಯವನ್ನು ಹೊಸ ಫೋನಿನ ಹೊಸ ಚೀಲಕ್ಕೆ ಸಾಗಿಸಬೇಕು ಎಂದರು. ಹೊಸ ಫೋನಿಗೆ ಸೇತುವೆಯಾಚೆ ಹೋಗಿ ಬರಲು ಇಡೀ ದಿನ ಬೇಕು. ಎಲ್ಲರೂ ಯೋಚಿಸುತ್ತಿದ್ದಾಗ ಬೋಳಯ್ಯ ಮೆಲ್ಲಗೆ ಅಲ್ಲಿಂದ ಜಾರಿದ. ಹದಿನೈದು ನಿಮಿಷಕ್ಕೆ ಮರಳಿದಾಗ ಅವನ ಕೈಯಲ್ಲಿ ಸೀಲು ಒಡೆಯದ ಫೋನಿನ ಪೆಟ್ಟಿಗೆ ಇತ್ತು. ತನಗೆಂದು ಹೋದ ವಾರ ತರಿಸಿಕೊಂಡದ್ದಂತೆ. ನನ್ನ ಮುಂದೆ ನಿಂತು ಎರಡೂ ಕೈಯಲ್ಲಿ ಅದನ್ನು ಚಾಚಿದ. ಇಟ್ಟುಬಿಡು ಬೋಳಯ್ಯ, ಕೊಡಬೇಡ, ಕೆಲಸ ಮುಗಿದ ಮೇಲೆ ನಿನಗೆ ಬೇಕಾಗುತ್ತದೆ ಎಂದು ನಾನು ಗಾಬರಿಯಿಂದ ಹಿಂದೆ ಸರಿದೆ.

"ಐದು ವರ್ಷದಿಂದ ನಿಮ್ ಗಡಿಯಾರ ನನ್ ಕೈ ಸುಡ್ತಾ ಇದೆ" ಎಂದ ಅವನು. "ಅದನ್ನಂತೂ ವಾಪಸ್ ಕೊಡಕ್ಕಾಗಲ್ಲ. ಇದನ್ನ ಕೊಡಬಹುದಲ್ಲ. ತಗೊಳ್ಳಿ."

ತೆಗೆದುಕೊಂಡೆ. ಏನು ಬಂತು, ಎಷ್ಟು ಬಂತು ಎಂದು ಹೇಳಬೇಕಲ್ಲ. "ಒಂದು ಫೋನು" ಎಂದೆ. ಬೋಳಯ್ಯನ ಮುಖ ಆ ದಿನ ಎಷ್ಟು ಹಗುರವಾಗಿತ್ತೆಂದರೆ, ನನಗೆ ಟೈಮು ಹೇಳುವುದನ್ನೂ ಅವನು ಮರೆತ.

ಮುಂದಿನ ಕೆಲಸ ಅತ್ತೆಯ ಅಡುಗೆಮನೆಯಲ್ಲಿ. ಫೋನು ಹಿಡಿದವಳು ಚೆನ್ನಾಜಿ. ನನಗೆ ಬಂದದ್ದು ಒಂದೇ ಅಪ್ಪಣೆ: ಅಳಿಯಂದ್ರೇ, ಗೋಡೆ ಕಡೆ ತಿರುಗಿಕೊಳ್ಳಿ. ತಿರುಗಿಕೊಂಡೆ. ಹಿಂದೆ ಸ್ಟೀಲು ಲೋಟಗಳು ಸ್ಟ್ಯಾಂಡಿನಿಂದ ಇಳಿಯುವ ಶಬ್ದ; ಟಣ್, ಟಣ್ ಎಂದು ಹನ್ನೆರಡು ಸಲ. ಆಗ ನನ್ನ ತಲೆಗೆ ಹೊಳೆಯಿತು. ಆ ಮನೆಯ ಲೋಟಗಳ ಮೇಲೆ, ಎಲ್ಲರ ಮನೆಯ ಪಾತ್ರೆಗಳ ಮೇಲಿರುವ ಹಾಗೆ, ಹೆಸರು ಕೊರೆಸಿತ್ತು. ಆದರೆ ಹೆಸರುಗಳೇ ವಿಚಿತ್ರ: ಒಂದರ ಮೇಲೆ ಏಣಿ, ಒಂದರ ಮೇಲೆ ಮೊಸರು, ಇನ್ನೊಂದರ ಮೇಲೆ ಆಮೆ. ಪಾತ್ರೆ ಅಂಗಡಿಯವನಿಗೆ ತಲೆ ನೆಟ್ಟಗಿಲ್ಲ ಎಂದುಕೊಂಡು ಐದು ವರ್ಷ ನಾನು ಅವುಗಳಲ್ಲಿ ಕಾಫಿ ಕುಡಿದಿದ್ದೆ. ತಳದಲ್ಲಿ ಮೊಳೆಯಿಂದ ಕುಟ್ಟಿದ ಚುಕ್ಕೆಗಳಿದ್ದವು, ಒಂದರಿಂದ ಹನ್ನೆರಡರವರೆಗೆ. ಅದು ಆ ಹನ್ನೆರಡು ಗುಟ್ಟಿನ ಪದಗಳ ಕ್ರಮ ಎಂಬುದು ಆಮೇಲೆ ತಿಳಿಯಿತು. ಊರಿನ ಬಸ್ಸನ್ನು ಪ್ರತಿದಿನ ತುಟಿಗೆ ಇಟ್ಟುಕೊಂಡಿದ್ದೆ, ನನಗೇ ಗೊತ್ತಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡೇ ನಾನು ನಕ್ಕೆ. ಆ ದಿನ ಮೊದಲ ಸಲ.

ಹಳೆಯ ಚೀಲವನ್ನು ಹೊಸ ಫೋನಿನಲ್ಲಿ ತೆರೆದರು, ಪಕ್ಕದಲ್ಲೇ ಹೊಸ ಪದಗಳ ಹೊಸ ಚೀಲ ಮಾಡಿದರು. ಅದರಿಂದ ಇದಕ್ಕೆ ಮೊದಲು ಚಿಟಿಕೆ, ಎಷ್ಟು ಬಂತೆಂದು ನೋಡಿ ಆಮೇಲೆ ಎಲ್ಲಾ. ಆ ನಂತರ ಜಯಶೀಲನನ್ನು ಫೋನಿನಲ್ಲಿ ಕೂರಿಸಿ, ಅವನ ಬಾಯಿಂದಲೇ ನಲವತ್ತೆರಡನ್ನೂ ಒಂದೊಂದಾಗಿ ಹೇಳಿಸಿದರು. ಕೆಂಪಾಜಮ್ಮ ಕನ್ನಡಕ ತರಿಸಿಕೊಂಡು ಸ್ಲೇಟಿನ ಮೇಲೆ ಬರೆದರು. ಸ್ಲೇಟು ನೋಡಿ ಚೆನ್ನಾಜಿ ಕೈಯಾರೆ ಒತ್ತಿದಳು. ಹತ್ತೊಂಬತ್ತು ಚೂರು ಹೋಯಿತು. ಎಷ್ಟು ಬಂತು ಎಂದು ಅತ್ತೆ ಕೇಳಿದರು. ಜಯಶೀಲ ಈಗ ಶಾಲೆಯ ಹುಡುಗನಂತೆ ತಡೆದು ತಡೆದು ಎಣಿಸಿ, ಹತ್ತೊಂಬತ್ತು ತಾಯಿ ಎಂದ. ಆಮೇಲೆ ಬಸ್ಸಿನ ಹಣ ಹೋಯಿತು. ಗಡಿಯಾರದ ಫೋನು ಈಗ ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಭಾರಕ್ಕೆ ಕೂತಿದೆ. ಹಳೆಯ ಲೋಟಗಳಲ್ಲಿ ನಾವು ಈಗಲೂ ಕಾಫಿ ಕುಡಿಯುತ್ತೇವೆ; ಹೊಸ ಪದಗಳು ಎಲ್ಲಿವೆ ಎಂದು ನಾನು ಹುಡುಕುವುದೂ ಇಲ್ಲ, ಕೇಳುವುದೂ ಇಲ್ಲ.

ಒಂಬತ್ತನೆಯ ದಿನ ಬಸ್ಸು ಬಂತು. ಹಸಿರು ಬಣ್ಣ, ಒಂದು ಕಡೆ ಸ್ವಲ್ಪ ತುಕ್ಕು, ಹಾರ್ನು ಮಾತ್ರ ಎಮ್ಮೆ ಕರು ಕೂಗಿದ ಹಾಗೆ ಮುದ್ದಾಗಿತ್ತು. ಟಿಕೆಟ್ಟಿಗೆ ದುಡ್ಡು ಯಾರೂ ಕೊಡಬೇಕಾಗಿಲ್ಲ, ಬಾಗಿಲ ಪಕ್ಕದ ಡಬ್ಬದಲ್ಲಿ ಹಾಕಬೇಕು ಎಂದು ತೀರ್ಮಾನವಾಗಿತ್ತು. ಕಂಡಕ್ಟರು ಬೋಳಯ್ಯ, ಸಮಯಕ್ಕೆ ಸರಿಯಾಗಿ ಹೊರಡಿಸಲು ಅವನಿಗಿಂತ ತಕ್ಕವನು ಯಾರು? ಕೋಡುಬಳೆ ಟಿನ್ನುಗಳು ಮೇಲೇರಿದವು, ಹನ್ನೆರಡು ಮಂದಿಯೂ ಹೂ ಮುಡಿದು ಸಾಲಾಗಿ ನಿಂತರು. ಬಸ್ಸು ತಂದಿದ್ದವನು ಕೀ ಅತ್ತೆಯ ಕೈಗೆ ಕೊಟ್ಟು, ಸೇತುವೆಯವರೆಗೆ ಬಿಟ್ಟುಬಿಡಿ ಎಂದು ಹಿಂದಿನ ಸೀಟಿನಲ್ಲಿ ಹೋಗಿ ಕೂತ. ನಾನು ಜನರ ಹಿಂದೆ, ಬೇಲಿಯ ಹತ್ತಿರ ನಿಂತಿದ್ದೆ. ಕೆಂಪಾಜಮ್ಮನ ಅಳಿಯನೂ ಟ್ರ್ಯಾಕ್ಟರ್ ಓಡಿಸುತ್ತಿದ್ದವನೇ, ಅವನು ನನಗಿಂತ ಜಾಗ್ರತೆಯ ಮನುಷ್ಯ.

"ಅಳಿಯಂದ್ರೇ, ಬನ್ನಿ ಇಲ್ಲಿ" ಎಂದರು ಅತ್ತೆ.

ಹೋದೆ. ಅಂಗೈ ಚಾಚಿ ಎಂದರು. ಚಾಚಿದೆ. ಅವರು ಸೆರಗಿನ ಗಂಟು ಬಿಚ್ಚಿ ಎಣಿಸಿ ಎಣಿಸಿ ನನ್ನ ಅಂಗೈಗೆ ಏನೋ ಹಾಕಿದರು. ಇಟ್ಟದ್ದಲ್ಲ, ಕೊಟ್ಟದ್ದು, ಅವರ ಬೆರಳು ನನ್ನ ಕೈಗೆ ತಾಗಿತು.

"ಏನು ಬಂತು, ಎಷ್ಟು ಬಂತು?"

"ಕಲ್ಲುಸಕ್ಕರೆ ಅತ್ತೆ" ಎಂದೆ. ಕಣ್ಣು ಮಂಜಾಗಿ ಎಣಿಸಲು ಎರಡು ಸಲ ಬೇಕಾಯಿತು. "ಐದು ಹರಳು."

ಅತ್ತೆ ಸರಿ ಎಂದು ತಲೆಯಾಡಿಸಿ, ಬಸ್ಸಿನ ಕೀಯನ್ನೂ ಆ ಐದು ಹರಳಿನ ಮೇಲೆಯೇ ಕೊಟ್ಟು ನನ್ನ ಬೆರಳುಗಳನ್ನು ತಮ್ಮ ಕೈಯಿಂದ ಮಡಚಿದರು. ಇನ್ನು ಅದು ಯಾವತ್ತೂ ಅವರ ಕೈಗೆ ಮರಳುವುದಿಲ್ಲ ಎಂಬುದು ಅಲ್ಲಿದ್ದವರೆಲ್ಲರಿಗೂ ಗೊತ್ತಿತ್ತು, ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವರು ಮಂಡಿ ಹಿಡಿದುಕೊಂಡು ನಿಧಾನವಾಗಿ ಮೆಟ್ಟಿಲು ಹತ್ತಿ, ಡ್ರೈವರಿನ ಹಿಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಕೂತರು. ಬೋಳಯ್ಯ ಮಣಿಕಟ್ಟು ಎತ್ತಿ ಒಂಬತ್ತೂ ಹತ್ತು ಎಂದ. ನಾನು ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡು ಕೀ ತಿರುಗಿಸಿದೆ.